ಜ್ವರ ಇಳಿದ ಮೇಲೆ ಉಳಿದ ನೋವು: ಕರಾವಳಿಯ ಚಿಕುನ್‌ಗುನ್ಯಾ ಮತ್ತು ಸಂಧಿವಾತದ ಶೋಧ

2008ರ ಮಳೆಗಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಅಡಿಕೆ ಮತ್ತು ರಬ್ಬರ್ ತೋಟಗಳ ಊರುಗಳಲ್ಲಿ ಚಿಕುನ್‌ಗುನ್ಯಾ ಹಬ್ಬಿತು. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆ ಮನೆಮನೆಗಳಲ್ಲಿ ಒಬ್ಬರ ಹಿಂದೆ ಒಬ್ಬರು ಮಲಗಿದರು. ಸೊಳ್ಳೆಯಿಂದ ಹರಡುವ ಈ ವೈರಸ್ ಜ್ವರ ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ, ಸಾವು ತರುವುದು ಅಪರೂಪ. ವೈದ್ಯವಿಜ್ಞಾನಕ್ಕೆ ಅದು ಮುಖ್ಯವಾಗಿ ಕಂಡದ್ದು ಜ್ವರ ಇಳಿದ ಮೇಲಿನ ಕಾರಣಕ್ಕೆ. ರೋಗಿಗಳಲ್ಲಿ ದೊಡ್ಡ ಪಾಲಿಗೆ ಮಣಿಕಟ್ಟು, ಬೆರಳ ಗಂಟು, ಮೊಣಕಾಲು, ಹರಡು ತಿಂಗಳುಗಟ್ಟಲೆ ಬಾತುಕೊಂಡೇ ಇದ್ದವು. ವೈರಸ್ ರಕ್ತದಿಂದ ಮಾಯವಾದ ಮೇಲೂ ಕೀಲುಗಳನ್ನು ಉರಿಸುತ್ತಿದ್ದದ್ದು ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಪ್ರಕಟವಾದ ಅಧ್ಯಯನಗಳಲ್ಲಿ ಕೆಲವು ಇದೇ ಕರಾವಳಿಯ ರೋಗಿಗಳನ್ನು ಆಧರಿಸಿದವು. ಸೋಂಕುರೋಗದ ವಿಜ್ಞಾನ ಮತ್ತು ಸಂಧಿವಾತದ ವಿಜ್ಞಾನ ಅಲ್ಲಿ ಒಂದನ್ನೊಂದು ಸಂಧಿಸಿದವು.

ಕಾಯಿಲೆಯ ನಡೆ ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ. ಸೊಳ್ಳೆ ಕಚ್ಚಿದ ಕೆಲವು ದಿನಗಳಲ್ಲಿ ಚಳಿಯೊಂದಿಗೆ ಜ್ವರ ಏರುತ್ತದೆ, ಮೈಮೇಲೆ ದದ್ದು ಏಳುತ್ತದೆ, ಬೆನ್ನು ಬಗ್ಗುತ್ತದೆ. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಲೂ ಗೋಡೆಯ ಆಸರೆ ಬೇಕಾಗುತ್ತದೆ. ಆಮೇಲೆ ಜ್ವರ ಬಿಡುತ್ತದೆ. ಬೆಳಿಗ್ಗೆ ಎದ್ದಾಗ ಕೈಬೆರಳು ಮಡಚಲಾಗದ ಬಿಗಿತ, ಬಿಸಿಲೇರಿದಂತೆ ಸ್ವಲ್ಪ ಸಡಿಲು, ಚಳಿ ಗಾಳಿಗೆ ಮತ್ತೆ ನೋವು, ಇವು ಮಾತ್ರ ಉಳಿಯುತ್ತವೆ. ಕರಾವಳಿಯ ದುಡಿಮೆ ಬಹಳಷ್ಟು ಬೆರಳಿನದು: ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು, ಮುಂಜಾನೆ ರಬ್ಬರ್ ಟ್ಯಾಪಿಂಗ್ ಮಾಡುವುದು, ಬಲೆ ನೇಯುವುದು. ಸಾವಿನ ಲೆಕ್ಕದಲ್ಲಿ ಹಗುರವೆನಿಸುವ ಈ ಕಾಯಿಲೆ ಸಂಸಾರದ ಲೆಕ್ಕದಲ್ಲಿ ಭಾರವಾಗುವುದು ಹೀಗೆ. ಸರ್ಕಾರಿ ಅಂಕಿಅಂಶಗಳು ಎಣಿಸುವುದು ಜ್ವರವನ್ನು, ಮಡಚಲಾಗದ ಬೆರಳನ್ನಲ್ಲ. ಈ ಕೊರತೆ ಮುಂದಿನ ಕಥೆಯುದ್ದಕ್ಕೂ ಕಾಣಿಸುತ್ತದೆ.

ಈ ವೈರಸ್ಸಿನ ಪರಿಚಯ ವಿಜ್ಞಾನಕ್ಕೆ ಆದದ್ದು ಪೂರ್ವ ಆಫ್ರಿಕದಲ್ಲಿ. 1952–53ರಲ್ಲಿ ಈಗಿನ ತಾಂಜಾನಿಯದ ದಕ್ಷಿಣಕ್ಕಿರುವ ಮಕೊಂಡೆ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಹಬ್ಬಿದ ಜ್ವರವನ್ನು ಮೇರಿಯನ್ ರಾಬಿನ್‌ಸನ್ ಮತ್ತು ಡಬ್ಲ್ಯು. ಎಚ್. ಆರ್. ಲಮ್ಸ್‌ಡೆನ್ 1955ರಲ್ಲಿ ವಿವರಿಸಿದರು. ರೋಗಿಯನ್ನು ಬಗ್ಗಿಸಿಬಿಡುವ ಕಾಯಿಲೆ ಎಂದು ಅಲ್ಲಿಯ ಜನ ಕೊಟ್ಟಿದ್ದ ಹೆಸರೇ ವೈದ್ಯಶಾಸ್ತ್ರದಲ್ಲೂ ನಿಂತಿತು. ಆದರೆ ಕಾಯಿಲೆ ಅದಕ್ಕಿಂತ ತುಂಬ ಹಳೆಯದಿರಬೇಕು. ವೆಲ್ಲೂರಿನಲ್ಲಿ ಕೆಲಸ ಮಾಡಿದ್ದ ಡೊನಾಲ್ಡ್ ಕೇರಿ 1971ರಲ್ಲಿ ಬರೆದ ಲೇಖನವೊಂದರಲ್ಲಿ ಹಳೆಯ ದಾಖಲೆಗಳನ್ನು ಮತ್ತೆ ಓದಿ ತೋರಿಸಿದರು. 1779ರಲ್ಲಿ ಬಟೇವಿಯದಲ್ಲಿ, 1824ರಲ್ಲಿ ರಂಗೂನ್ ಮತ್ತು ಕಲ್ಕತ್ತಗಳಲ್ಲಿ ಡೆಂಗಿ ಎಂದು ದಾಖಲಾದ ಜ್ವರಗಳಲ್ಲಿ ಕೀಲುನೋವು ಎಷ್ಟು ಎದ್ದುಕಾಣುವಂತಿತ್ತೆಂದರೆ, ಅವು ಚಿಕುನ್‌ಗುನ್ಯಾ ಆಗಿದ್ದಿರಬೇಕೆಂಬುದು ಅವರ ವಾದ. ರಕ್ತಪರೀಕ್ಷೆಯೇ ಇಲ್ಲದ ಕಾಲದ ರೋಗವನ್ನು ಇಂದು ಖಚಿತವಾಗಿ ಹೆಸರಿಸಲಾಗದು. ಆದರೂ ವಾದದ ತಿರುಳು ಗಟ್ಟಿಯಾಗಿಯೇ ಇದೆ: ಜ್ವರವಷ್ಟನ್ನೇ ನೋಡಿದವರಿಗೆ ಎರಡೂ ಒಂದೇ, ತಿಂಗಳ ನಂತರ ರೋಗಿಯ ಕೈ ನೋಡಿದವರಿಗೆ ಬೇರೆ ಬೇರೆ.

ಭಾರತದಲ್ಲಿ ವೈರಸ್ ಖಚಿತವಾಗಿ ಪತ್ತೆಯಾದದ್ದು 1963ರಲ್ಲಿ, ಕಲ್ಕತ್ತದಲ್ಲಿ. ಮರುವರ್ಷ ಮದರಾಸು, ವೆಲ್ಲೂರು, 1965ರಲ್ಲಿ ನಾಗಪುರ. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಪೇಟೆಯಲ್ಲಿ ಎದ್ದಾಗ ಅಲ್ಲಿನ ಜನರಲ್ಲಿ ಶೇಕಡಾ 37.5ರಷ್ಟು ಮಂದಿಗೆ ತಗಲಿತ್ತೆಂದು ಪುಣೆಯ ವೈರಾಣು ಸಂಸ್ಥೆಯ ಅಧ್ಯಯನ ದಾಖಲಿಸಿತು. ಅದನ್ನು ಪ್ರಕಟಿಸಿದವರಲ್ಲಿ ಒಬ್ಬರು ವಿ. ಎಸ್. ಪಡ್ಬಿದ್ರಿ. ಬಾರ್ಶಿಯ ನಂತರ ವೈರಸ್ ಸದ್ದಿಲ್ಲದೆ ಹೋಯಿತು. ಎಷ್ಟರಮಟ್ಟಿಗೆಂದರೆ, 1986ರಲ್ಲಿ ಅದೇ ಸಂಸ್ಥೆಯ ಖೋರ್ಷೆದ್ ಪಾವ್ರಿ ಭಾರತ ಮತ್ತು ಆಗ್ನೇಯ ಏಷ್ಯದಿಂದ ಚಿಕುನ್‌ಗುನ್ಯಾ ಕಣ್ಮರೆಯಾದುದರ ಬಗ್ಗೆಯೇ ಪ್ರಬಂಧ ಬರೆದರು. ಒಂದು ಇಡೀ ತಲೆಮಾರಿನ ವೈದ್ಯರು ಈ ಕಾಯಿಲೆಯನ್ನು ಪಠ್ಯಪುಸ್ತಕದ ಒಂದೆರಡು ಸಾಲುಗಳಲ್ಲಷ್ಟೇ ಓದಿ ಪದವಿ ಪಡೆದರು.

ಅದು ಮರಳಿದ್ದು ಬೇರೆಯ ರೂಪದಲ್ಲಿ. 2004ರಲ್ಲಿ ಕೆನ್ಯದ ಲಾಮು ದ್ವೀಪದಿಂದ ಹೊರಟ ಅಲೆ ಕೊಮೊರೊ ದ್ವೀಪಗಳನ್ನು ದಾಟಿ 2005–06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಬಡಿಯಿತು. ಅಲ್ಲಿಯ ಜನರಲ್ಲಿ ಸುಮಾರು ಮೂರನೇ ಒಂದು ಪಾಲು ಕಾಯಿಲೆ ಬಿದ್ದರು. 2005ರ ಕೊನೆಯ ಹೊತ್ತಿಗೆ ಆಂಧ್ರ, ಅದರ ಬೆನ್ನಿಗೇ ಕರ್ನಾಟಕ ಮತ್ತು ಮಹಾರಾಷ್ಟ್ರ. 2006ರಲ್ಲಿ ದೇಶದಾದ್ಯಂತ ವರದಿಯಾದ ಶಂಕಿತ ಪ್ರಕರಣಗಳು ಸುಮಾರು 13.9 ಲಕ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 7.6 ಲಕ್ಷ, ಕರ್ನಾಟಕದವು. ರಕ್ತ ಪರೀಕ್ಷೆಯಾದದ್ದು ಅವುಗಳಲ್ಲಿ ತೀರ ಸಣ್ಣ ಪಾಲು. ವೈರಾಣು ಸಂಸ್ಥೆಯ ಬೆಂಗಳೂರು ಘಟಕದ ಪ್ರಸನ್ನ ಯೆರ್ಗೋಳ್ಕರ್ ಮತ್ತು ಸಂಗಡಿಗರು ಅದೇ ವರ್ಷ ಪ್ರಕಟಿಸಿದ ಲೇಖನ ಒಂದು ಮುಖ್ಯ ಸಂಗತಿಯನ್ನು ಹೊರಗೆಡವಿತು. 1963–73ರ ನಡುವೆ ಭಾರತದಲ್ಲಿ ಓಡಾಡಿದ್ದು ಏಷ್ಯದ ತಳಿ, ಈಗ ಬಂದಿರುವುದು ಆಫ್ರಿಕದ ತಳಿ. ಪುಣೆ ಜಿಲ್ಲೆಯ ಯವತ್ ಎಂಬಲ್ಲಿ 2000ದಲ್ಲೇ ಹಿಡಿದ ಸೊಳ್ಳೆಗಳಲ್ಲಿ ಈ ಆಫ್ರಿಕದ ತಳಿ ಸಿಕ್ಕಿತ್ತೆಂಬುದೂ ಆಗ ತಿಳಿದುಬಂತು. ಅಂದರೆ ಜನ ಮಲಗುವುದಕ್ಕೆ ಐದಾರು ವರ್ಷ ಮೊದಲೇ ಅದು ದೇಶದೊಳಗೆ ಕಾಲಿಟ್ಟಿತ್ತು.

2006ರ ಹಾವಳಿಯ ನೆಲೆ ಹೆಚ್ಚಾಗಿ ಬಯಲುಸೀಮೆ. ನೀರಿನ ಬರವಿರುವ ಊರುಗಳಲ್ಲಿ ನಲ್ಲಿ ನೀರು ಬಂದ ದಿನ ಡ್ರಮ್ಮು, ಹಂಡೆ, ತೊಟ್ಟಿಗಳಲ್ಲಿ ತುಂಬಿಟ್ಟುಕೊಳ್ಳುವುದು ರೂಢಿ. ಏಡಿಸ್ ಈಜಿಪ್ಟಿ ಎಂಬ ಸೊಳ್ಳೆ ಮೊಟ್ಟೆ ಇಡುವುದು ಇಂಥ ಮನೆಯೊಳಗಿನ ನೀರಿನಲ್ಲೇ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ, ಹಿತ್ತಿಲಿಗೊಂದು ಬಾವಿ ಇರುವ ಕರಾವಳಿಯ ಸ್ಥಿತಿಯೇ ಬೇರೆ. ಕಾರ್ಕಳ ಪೇಟೆಗೆ ತಾಗಿದ ಕುಕ್ಕುಂದೂರಿನಿಂದ ಹಿಡಿದು ಸುಳ್ಯದ ಗಡಿಯ ತನಕ ಘಟ್ಟದ ಬುಡದ ಊರುಗಳ ಚಹರೆ ಹೆಚ್ಚುಕಡಿಮೆ ಒಂದೇ: ಮುರಕಲ್ಲಿನ ಗುಡ್ಡ, ತಗ್ಗಿನಲ್ಲಿ ಗದ್ದೆ, ಅಡಿಕೆ ತೆಂಗಿನ ತೋಟ, ಇಳಿಜಾರಿನಲ್ಲಿ ರಬ್ಬರ್. ಬಿದ್ದ ಅಡಿಕೆ ಹಾಳೆಯ ಮಡಿಕೆಯಲ್ಲಿ, ರಬ್ಬರ್ ಹಾಲು ಹಿಡಿಯುವ ಗೆರಟೆ ಮತ್ತು ಕಪ್ಪುಗಳಲ್ಲಿ, ಬಿಸಾಡಿದ ಟಯರಿನಲ್ಲಿ ಮಳೆನೀರು ನಿಲ್ಲುತ್ತದೆ. ಅಲ್ಲಿ ಬೆಳೆಯುವುದು ಇನ್ನೊಂದು ಸೊಳ್ಳೆ, ಏಡಿಸ್ ಆಲ್ಬೊಪಿಕ್ಟಸ್. ಮೈಕಾಲಿನ ಮೇಲೆ ಬಿಳಿ ಪಟ್ಟೆಯಿರುವ ಈ ಸೊಳ್ಳೆ ಮನೆಗಿಂತ ತೋಟವನ್ನೇ ಮೆಚ್ಚುತ್ತದೆ, ಹಗಲಿನಲ್ಲೇ ಕಚ್ಚುತ್ತದೆ. ಹಗಲಿಡೀ ತೋಟದಲ್ಲಿ ದುಡಿಯುವವರಿಗೆ ರಾತ್ರಿಯ ಸೊಳ್ಳೆಪರದೆಯಿಂದ ರಕ್ಷಣೆ ಸಿಗುವುದಿಲ್ಲ.

ವೈರಸ್ ಈ ತೋಟದ ಸೊಳ್ಳೆಗೆ ಒಗ್ಗಿಕೊಂಡದ್ದು ರಿಯೂನಿಯನ್ನಿನಲ್ಲಿ. ಅದರ ಹೊರಕವಚದ ಇ1 ಎಂಬ ಪ್ರೊಟೀನಿನ 226ನೇ ಸ್ಥಾನದಲ್ಲಿ ಅಲನೀನ್ ಎಂಬ ಅಮೈನೊ ಆಮ್ಲದ ಜಾಗಕ್ಕೆ ವ್ಯಾಲೀನ್ ಬಂದು ಕೂತಿತ್ತು. ಸುಮಾರು ಹನ್ನೆರಡು ಸಾವಿರ ಅಕ್ಷರಗಳಷ್ಟು ಉದ್ದದ ತಳಿಸಂದೇಶದಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ ಅದು. ಅಷ್ಟರಿಂದಲೇ ಆಲ್ಬೊಪಿಕ್ಟಸ್ ಸೊಳ್ಳೆಯಲ್ಲಿ ವೈರಸ್ ಬಹುಪಟ್ಟು ಸುಲಭವಾಗಿ ಬೆಳೆಯುತ್ತದೆಂಬುದನ್ನು ಅಮೆರಿಕದ ಪ್ರಯೋಗಾಲಯವೊಂದು 2007ರಲ್ಲಿ ತೋರಿಸಿತು. 2006ರಲ್ಲಿ ಬಯಲುಸೀಮೆಯ ರೋಗಿಗಳಿಂದ ತೆಗೆದ ವೈರಸ್ಸಿನಲ್ಲಿ ಈ ಬದಲಾವಣೆ ಇರಲಿಲ್ಲ. 2007ರಲ್ಲಿ ಕೇರಳದ ರಬ್ಬರ್ ಸೀಮೆಯಲ್ಲಿ ಅದು ಕಾಣಿಸಿಕೊಂಡಿತು. ಅದೇ ಬೇಸಗೆಯಲ್ಲಿ ಕೇರಳದಿಂದ ಮರಳಿದ ಪ್ರಯಾಣಿಕರೊಬ್ಬರ ಮೂಲಕ ಇಟಲಿಯ ಕಾಸ್ತಿಲ್ಯೋನೆ ದಿ ಚೆರ್ವಿಯ ಎಂಬ ಹಳ್ಳಿಯಲ್ಲೂ ಚಿಕುನ್‌ಗುನ್ಯಾ ಹಬ್ಬಿ ಯುರೋಪಿಗೆ ಗಾಬರಿ ಹುಟ್ಟಿಸಿತು. 2008ರಲ್ಲಿ ಕಾಯಿಲೆ ದಕ್ಷಿಣ ಕನ್ನಡಕ್ಕೆ ಬಂದಾಗ ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯ ಎಸ್. ಆರ್. ಸಂತೋಷ್ ಮತ್ತು ಸಂಗಡಿಗರು ಇಲ್ಲಿಯ ರೋಗಿಗಳ ಮಾದರಿಗಳನ್ನು ಪರೀಕ್ಷಿಸಿದರು. ಕರಾವಳಿ ಕರ್ನಾಟಕದಲ್ಲಿ ಹಬ್ಬಿರುವುದು ಇದೇ ಬದಲಾದ ವೈರಸ್ ಎಂದು 2009ರಲ್ಲಿ ಪ್ರಕಟಿಸಿದರು. ಎರಡು ವರ್ಷ ಮೊದಲು ರಾಜ್ಯದ ಒಣನಾಡಿನಲ್ಲಿ ಓಡಾಡಿದ ವೈರಸ್ ಘಟ್ಟ ಇಳಿದು ಬಂದದ್ದಲ್ಲ, ತೋಟದ ಸೊಳ್ಳೆಗೆ ಹೊಂದಿಕೊಂಡ ವೈರಸ್ ಇಲ್ಲಿ ನೆಲೆಯೂರಿತ್ತು ಎಂಬುದು ಇದರಿಂದ ಹೊಳೆಯುವ ಅರ್ಥ.

ಆಸ್ಪತ್ರೆಗಳ ಹೊರಗೆ ಜನ ತಮಗೆ ತೋಚಿದ ದಾರಿಗಳನ್ನೆಲ್ಲ ಹಿಡಿದರು. ಅಮೃತಬಳ್ಳಿ, ಕಿರಾತಕಡ್ಡಿಯ ಕಷಾಯ ಕುದಿಯಿತು, ಎಣ್ಣೆ ಹಚ್ಚಿ ಬಿಸಿನೀರು ಹೊಯ್ದದ್ದಾಯಿತು, ಹೋಮಿಯೋಪಥಿ ಗುಳಿಗೆ ಹಂಚಿದ್ದಾಯಿತು. ಕಾಯಿಲೆಗೆ ಕೋಳಿ ಮಾಂಸವೇ ಕಾರಣವೆಂದು ಹೆಸರಿನ ಸದ್ದಿನಿಂದಲೇ ನಂಬಿದವರೂ ಇದ್ದರು. ವೈದ್ಯರ ಕೈಯಲ್ಲಿದ್ದದ್ದೂ ಬಹಳವಿಲ್ಲ: ಪ್ಯಾರಾಸಿಟಮಾಲ್, ನೋವಿನ ಮಾತ್ರೆ, ತಡೆಯಲಾಗದವರಿಗೆ ಕೆಲವು ದಿನ ಸ್ಟಿರಾಯ್ಡ್. ಸ್ಟಿರಾಯ್ಡ್ ಕೊಟ್ಟರೆ ಮರುದಿನವೇ ರೋಗಿ ಎದ್ದು ಓಡಾಡುತ್ತಾನೆ, ನಿಲ್ಲಿಸಿದರೆ ನೋವು ಮರಳುತ್ತದೆ. ಸೋಂಕಿನ ನೋವಾದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟಿರಾಯ್ಡಿಗೆ ಅದು ಇಷ್ಟು ಸಲೀಸಾಗಿ ಮಣಿಯಬೇಕೇ? ಪ್ರಶ್ನೆ ಚಿಕಿತ್ಸೆಯ ಅನುಭವದೊಳಗೇ ಅಡಗಿತ್ತು.

ಅದನ್ನು ಅಳೆದು ನೋಡುವ ಕೆಲಸ ಕರಾವಳಿಯಲ್ಲಿ ಆಯಿತು. ಪೋರ್ಟ್ ಬ್ಲೇರಿನಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರದ ಎಸ್. ಪಿ. ಮಣಿಮುಂಡ, ಪಿ. ವಿಜಯಾಚಾರಿ ಮತ್ತು ಸಂಗಡಿಗರು ದಕ್ಷಿಣ ಕನ್ನಡದಲ್ಲಿ ಚಿಕುನ್‌ಗುನ್ಯಾ ಖಚಿತವಾದ ಇನ್ನೂರರಷ್ಟು ರೋಗಿಗಳನ್ನು ಹತ್ತು ತಿಂಗಳ ಕಾಲ ಹಿಂಬಾಲಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತು ತಿಂಗಳ ನಂತರವೂ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೀಲುನೋವು ಬಿಟ್ಟಿರಲಿಲ್ಲ. ಕೆಲವರ ಸ್ಥಿತಿಯಂತೂ ರುಮಟಾಯ್ಡ್ ಸಂಧಿವಾತವನ್ನು ಗುರುತಿಸಲು ಅಮೆರಿಕದ ತಜ್ಞರು ಹಾಕಿಕೊಟ್ಟ ಮಾನದಂಡಕ್ಕೇ ಹೊಂದುತ್ತಿತ್ತು. ಎಂಆರ್‌ಐ ಚಿತ್ರಗಳಲ್ಲಿ ಕೀಲಿನೊಳಗೆ ನೀರು ತುಂಬಿರುವುದು, ಒಳಪೊರೆ ದಪ್ಪಗಾಗಿರುವುದು, ಎಲುಬಿನ ಮಜ್ಜೆ ಬಾತಿರುವುದು, ಎಲುಬಿನ ಅಂಚು ಅಲ್ಲಲ್ಲಿ ಸವೆದಿರುವುದು ಕಂಡವು. ಅದುವರೆಗೆ ಜ್ವರದ ಬಾಲವೆಂದು ತಳ್ಳಿಹಾಕುತ್ತಿದ್ದ ನೋವಿಗೆ ಕೀಲಿನೊಳಗೆ ಕಣ್ಣಿಗೆ ಕಾಣುವ ಗುರುತು ಇದೆಯೆಂದು ಇದರಿಂದ ಖಚಿತವಾಯಿತು. 2006ರಲ್ಲಿ ಬಯಲುಸೀಮೆಯ ಲಕ್ಷಾಂತರ ಮಂದಿ ಇದೇ ನೋವು ತಿಂದಿದ್ದರು. ವೈದ್ಯಕೀಯ ಕಾಲೇಜುಗಳು, ಎಂಆರ್‌ಐ ಯಂತ್ರಗಳು ಹತ್ತಿರದಲ್ಲಿರುವ ಕಡೆ ಕಾಯಿಲೆ ಬಂದಾಗ ಮಾತ್ರ ಅದರ ಒಳಚಿತ್ರ ದಾಖಲಾಗುತ್ತದೆ. ಮಣಿಪಾಲದಲ್ಲಿ 1953ರಲ್ಲಿ, ಮಂಗಳೂರಿನಲ್ಲಿ 1955ರಲ್ಲಿ ವೈದ್ಯಕೀಯ ಶಿಕ್ಷಣ ಆರಂಭವಾದ ಕರಾವಳಿಗೆ ಆ ಅನುಕೂಲವಿತ್ತು.

ಇಲ್ಲಿಂದ ಮುಂದಿನದು ಹಳೆಯದೊಂದು ಪ್ರಶ್ನೆಗೆ ಸೇರಿಕೊಳ್ಳುತ್ತದೆ. ದೇಹವನ್ನು ಕಾಯಬೇಕಾದ ವ್ಯವಸ್ಥೆ ದೇಹದ ಮೇಲೆಯೇ ಏರಿಹೋಗಬಲ್ಲದೇ? ಜರ್ಮನಿಯ ಪಾಲ್ ಎರ್ಲಿಕ್ 1901ರ ಹೊತ್ತಿಗೆ ಹಾಗಾಗದೆಂದು ವಾದಿಸಿದರು. ತನಗೆ ತಾನೇ ವಿಷವಾಗುವುದನ್ನು ದೇಹ ಹೇಸುತ್ತದೆ ಎಂಬುದು ಅವರ ನಿಲುವು. ಮೂರೇ ವರ್ಷಗಳಲ್ಲಿ ಡೊನಾತ್ ಮತ್ತು ಲ್ಯಾಂಡ್‌ಸ್ಟೈನರ್ ರೋಗಿಯ ಸ್ವಂತ ರಕ್ತಕಣಗಳನ್ನೇ ಒಡೆಯುವ ಪ್ರತಿಕಾಯವನ್ನು ತೋರಿಸಿದರೂ ಎರ್ಲಿಕ್ಕರ ಮಾತಿನ ತೂಕ ಅರ್ಧ ಶತಮಾನ ಇಳಿಯಲಿಲ್ಲ. ಅದನ್ನು ಇಳಿಸಿದ್ದು ಅಮೆರಿಕದ ಬಫಲೋ ನಗರದ ಪ್ರಯೋಗಾಲಯ. ಅಲ್ಲಿಯ ಅರ್ನೆಸ್ಟ್ ವಿಟೆಬ್ಸ್ಕಿ ಎರ್ಲಿಕ್ಕರ ಪರಂಪರೆಯಲ್ಲೇ ಪಳಗಿದವರು. ಅವರ ಕೈಕೆಳಗಿನ ಯುವ ಸಂಶೋಧಕ ನೋಯೆಲ್ ರೋಸ್ ಮೊಲಗಳಿಗೆ ಮೊಲದ ಥೈರಾಯ್ಡ್ ಸಾರವನ್ನೇ ಚುಚ್ಚಿದಾಗ, ಅವುಗಳ ಥೈರಾಯ್ಡ್ ಗ್ರಂಥಿಯೇ ಹಾಳಾಯಿತು. ಗುರುವಿಗೆ ನಂಬಿಕೆ ಬರಲಿಲ್ಲ. ಪ್ರಯೋಗವನ್ನು ಮತ್ತೆ ಮತ್ತೆ ಮಾಡಿಸಿದರು. 1956ರಲ್ಲಿ ಅದು ಪ್ರಕಟವಾದ ಹೊತ್ತಿಗೇ ಲಂಡನ್ನಿನ ರೋಯ್ಟ್, ಡೊನಿಯಾಕ್ ಮತ್ತು ಸಂಗಡಿಗರು ಹಶಿಮೊಟೊ ಕಾಯಿಲೆಯ ರೋಗಿಗಳ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯ ಕಂಡುಹಿಡಿದರು. ಆಟೋಇಮ್ಯೂನ್, ಅಂದರೆ ಸ್ವಯಂನಿರೋಧಕ ಕಾಯಿಲೆಗಳ ಅಧ್ಯಾಯ ತೆರೆದದ್ದು ಅಲ್ಲಿಂದ. ಮಾರನೆಯ ವರ್ಷ ವಿಟೆಬ್ಸ್ಕಿಯವರೇ ಒಂದು ಕಾಯಿಲೆಯನ್ನು ಸ್ವಯಂನಿರೋಧಕ ಎನ್ನಲು ಯಾವ ಯಾವ ಪುರಾವೆ ಬೇಕೆಂದು ಕಟ್ಟುನಿಟ್ಟಿನ ಕಟ್ಟಳೆ ಹಾಕಿದರು. ನಂಬಲು ಹಿಂಜರಿದವರೇ ಅಳತೆಗೋಲು ಮಾಡಿದ್ದರಿಂದ ಆ ಅಳತೆಗೋಲು ಗಟ್ಟಿಯಾಯಿತು ಎನ್ನಬೇಕು.

ರುಮಟಾಯ್ಡ್ ಸಂಧಿವಾತ ಈ ಗುಂಪಿಗೆ ಸೇರಿದ್ದು ನಿಧಾನವಾಗಿ. ನಾರ್ವೆಯ ಎರಿಕ್ ವಾಲರ್ 1940ರಲ್ಲಿ ಅಂಥ ರೋಗಿಗಳ ರಕ್ತದಲ್ಲಿ ಗುರುತಿಸಿದ ವಿಚಿತ್ರ ಅಂಶವೇ ಮುಂದೆ ರುಮಟಾಯ್ಡ್ ಫ್ಯಾಕ್ಟರ್ ಎಂದಾಯಿತು. ಲ್ಯಾಬ್ ರಿಪೋರ್ಟುಗಳಲ್ಲಿ ಇಂದಿಗೂ ಆರ್‌ಎ ಫ್ಯಾಕ್ಟರ್ ಎಂದು ಬರುವುದು ಅದೇ. ಆದರೆ ಅದು ಆರೋಗ್ಯವಂತ ಮುದುಕರಲ್ಲೂ ಬೇರೆ ಸೋಂಕುಗಳಲ್ಲೂ ಕಾಣಿಸುತ್ತದೆ. 1998ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಕಂಡುಹಿಡಿದ ಸಿಸಿಪಿ ಪ್ರತಿಕಾಯದ ಪರೀಕ್ಷೆ ಅದಕ್ಕಿಂತ ನಿಖರ. ಈ ಎರಡು ಪರೀಕ್ಷೆಗಳಿಂದ ಚಿಕುನ್‌ಗುನ್ಯಾ ರೋಗಿಗಳನ್ನು ನೋಡಿದಾಗ ಸಿಕ್ಕ ಉತ್ತರ ಬಹುಪಾಲು ಒಂದೇ: ಇಲ್ಲ. ಕೈ ನೋಡಿದರೆ ರುಮಟಾಯ್ಡ್, ರಕ್ತ ನೋಡಿದರೆ ಅಲ್ಲ. ವಿಟೆಬ್ಸ್ಕಿಯವರ ಕಟ್ಟಳೆಯಂತೆ ಇದನ್ನು ಸ್ವಯಂನಿರೋಧಕ ಕಾಯಿಲೆ ಎಂದು ಕರೆಯಲು ಆಧಾರ ಸಾಲದು.

ಕೀಲುನೋವಿನ ಹೊರರೂಪ ನೋಡಿ ಒಳಕಾರಣ ಊಹಿಸುವುದು ಎಷ್ಟು ಅಪಾಯವೆಂಬುದಕ್ಕೆ ಕರ್ನಾಟಕದಲ್ಲೇ ಹಿಂದಿನ ಉದಾಹರಣೆಯೊಂದಿದೆ. 1974–75ರ ಹೊತ್ತಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಚನ್ನಂಗಿ ಮತ್ತು ಚಲವಾದಿ ಸಮುದಾಯದ ಹಲವರು ಸೊಂಟ, ಮೊಣಕಾಲಿನ ನೋವಿನಿಂದ ನೆಟ್ಟಗೆ ನಡೆಯಲಾಗದವರಾದರು. ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿಗಳ ಮೂಲಕ ಮೈ ಸೇರಿದೆಯೆಂಬ ಊಹೆ ಬಲವಾಗಿ ಓಡಾಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆರ್. ವಿ. ಭಟ್ ಮತ್ತು ಕೆ. ಎ. ವಿ. ಆರ್. ಕೃಷ್ಣಮಾಚಾರಿ 1977ರಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವಿವರಿಸಿದರು. 1994ರಲ್ಲಿ ಎಸ್. ಎಸ್. ಅಗರ್ವಾಲ್ ಮತ್ತು ಸಂಗಡಿಗರು ಎಕ್ಸ್‌ರೇಗಳನ್ನು ಕೂಲಂಕಷವಾಗಿ ಓದಿ, ಅದು ಪೀಳಿಗೆಯಿಂದ ಪೀಳಿಗೆಗೆ ಇಳಿದುಬರುವ ಎಲುಬಿನ ಬೆಳವಣಿಗೆಯ ದೋಷವೆಂದೂ, ಕೆಲವರಲ್ಲಿ ಕೀಲುಸವೆತವಷ್ಟೇ ಆಗಿ, ಇನ್ನು ಕೆಲವರಲ್ಲಿ ಕುಳ್ಳತನದವರೆಗೂ ಮೂರು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆಂದೂ ತೋರಿಸಿದರು. ವಿಷವೂ ಅಲ್ಲ, ಸೋಂಕೂ ಅಲ್ಲ, ರೋಗನಿರೋಧಕ ವ್ಯವಸ್ಥೆಯ ಎಡವಟ್ಟೂ ಅಲ್ಲ. ಊರಿನ ಹೆಸರನ್ನೇ ಹೊತ್ತ ಆ ಕಾಯಿಲೆಗೆ ಸಂಧಿವಾತದ ಔಷಧಿಗಳಿಂದ ಆಗುವ ಪ್ರಯೋಜನ ನೋವಿನ ಮಾತ್ರೆಯ ಆಚೆಗೆ ಹೆಚ್ಚೇನೂ ಇಲ್ಲ. ಕಾರಣವನ್ನು ಬೇರ್ಪಡಿಸಿ ತಿಳಿಯುವುದು ಬರಿಯ ಪಾಂಡಿತ್ಯದ ಮಾತಲ್ಲ, ಔಷಧಿ ನಿರ್ಧಾರವಾಗುವುದು ಅದರ ಮೇಲೆ.

ಚಿಕುನ್‌ಗುನ್ಯಾದ ವಿಷಯದಲ್ಲಿ ಎರಡು ವಿವರಣೆಗಳು ಎದುರುಬದುರು ನಿಂತವು. ಮೊದಲನೆಯದು: ವೈರಸ್ ಪೂರ್ತಿ ಹೋಗಿಲ್ಲ, ಕೀಲಿನೊಳಗೆ ಅಡಗಿದೆ. ರಿಯೂನಿಯನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದಂತೆ, ಸೋಂಕಾಗಿ ಹದಿನೆಂಟು ತಿಂಗಳಾಗಿದ್ದ ಒಬ್ಬ ರೋಗಿಯ ಕೀಲಿನ ಒಳಪೊರೆಯ ತುಣುಕಿನಲ್ಲಿ ವೈರಸ್ಸಿನ ಕುರುಹುಗಳಿದ್ದವು. ಅದೇ ವರ್ಷ ಕೋತಿಗಳ ಮೇಲಿನ ಪ್ರಯೋಗದಲ್ಲೂ ರಕ್ತದಿಂದ ವೈರಸ್ ಹೋದ ಬಹಳ ದಿನಗಳ ಮೇಲೆ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕಣಗಳಲ್ಲಿ ಅದು ಉಳಿದುಕೊಂಡಿತ್ತು. ಎರಡನೆಯದು: ವೈರಸ್ ಹೋಗಿದೆ, ಅದು ಎಬ್ಬಿಸಿದ ಪ್ರತಿಕ್ರಿಯೆ ಮಾತ್ರ ತಣಿದಿಲ್ಲ. ಸಿಂಗಪುರದ ಲೀಸಾ ಎಂಗ್ ಅವರ ತಂಡ 2013ರಲ್ಲಿ ಇಲಿಗಳಲ್ಲಿ ತೋರಿಸಿದ ಪ್ರಕಾರ, ಸಿಡಿ4 ಎಂಬ ಬಗೆಯ ಬಿಳಿರಕ್ತಕಣಗಳಿಲ್ಲದಿದ್ದರೆ ವೈರಸ್ ಇದ್ದರೂ ಕೀಲು ಅಷ್ಟಾಗಿ ಬಾಯುವುದಿಲ್ಲ. ಅಂದರೆ ಬಾವು ತರುವುದು ವೈರಸ್ಸಿಗಿಂತ ಹೆಚ್ಚಾಗಿ ದೇಹದ ಸ್ವಂತ ಪಡೆಯೇ.

2013ರ ಕೊನೆಯಲ್ಲಿ ಚಿಕುನ್‌ಗುನ್ಯಾ ಕೆರಿಬಿಯನ್ನಿನ ಸೇಂಟ್ ಮಾರ್ಟಿನ್ ದ್ವೀಪಕ್ಕೆ ಕಾಲಿಟ್ಟು ಅಮೆರಿಕ ಖಂಡಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ತಗಲಿದ ಮೇಲೆ ಸಂಶೋಧನೆಗೆ ಹಣವೂ ಗಮನವೂ ಬಂದವು. ಭಾರತದ ಹಳ್ಳಿಗಳಲ್ಲಿ ಹತ್ತಾರು ಲಕ್ಷ ಜನ ಅದೇ ನೋವು ತಿಂದಾಗ ಬಾರದ ಗಮನ ಅದು. ಹೈಟಿಗೆ ಹೋಗಿಬಂದ ಅಮೆರಿಕದ ಹತ್ತು ಮಂದಿ ಪ್ರಯಾಣಿಕರನ್ನು ಅಧ್ಯಯನ ಮಾಡಿದ ಜೊನಾಥನ್ ಮೈನರ್ ಮತ್ತು ಸಂಗಡಿಗರು 2015ರಲ್ಲಿ ಬರೆದದ್ದಿಷ್ಟು: ಈ ಸಂಧಿವಾತ, ರುಮಟಾಯ್ಡ್ ಫ್ಯಾಕ್ಟರ್ ಇಲ್ಲದ ರುಮಟಾಯ್ಡ್ ಕಾಯಿಲೆಯನ್ನು ಹಾಗೆಹಾಗೇ ಅನುಕರಿಸುತ್ತದೆ, ರಕ್ತದಲ್ಲಿ ಕೆರಳಿದ ಟಿ ಕಣಗಳ ಚಿತ್ರವೂ ಎರಡರಲ್ಲಿ ಒಂದೇ ರೀತಿಯದು. 2018ರಲ್ಲಿ ಐಲೀನ್ ಚಾಂಗ್ ಅವರ ತಂಡ ಕೊಲಂಬಿಯದಲ್ಲಿ ಸುಮಾರು ಇಪ್ಪತ್ತೆರಡು ತಿಂಗಳಿಂದ ನರಳುತ್ತಿದ್ದ 38 ರೋಗಿಗಳ ಕೀಲಿನ ದ್ರವವನ್ನು ಸೂಜಿಯಿಂದ ತೆಗೆದು ಹುಡುಕಿತು. ಒಬ್ಬರಲ್ಲೂ ವೈರಸ್ ಸಿಗಲಿಲ್ಲ. ಇದರಿಂದ ತಕ್ಕಡಿ ಎರಡನೆಯ ವಿವರಣೆಯ ಕಡೆ ವಾಲಿತು. ಆದರೂ ಒಂದು ಮಾತು ಬಾಕಿ ಉಳಿಯುತ್ತದೆ. ರಿಯೂನಿಯನ್ನಿನಲ್ಲಿ ವೈರಸ್ ಸಿಕ್ಕಿದ್ದು ಒಳಪೊರೆಯ ತುಣುಕಿನಲ್ಲಿ, ಕೊಲಂಬಿಯದಲ್ಲಿ ಹುಡುಕಿದ್ದು ದ್ರವದಲ್ಲಿ. ದ್ರವದಲ್ಲಿ ಇಲ್ಲದ್ದು ಪೊರೆಯಲ್ಲೂ ಇಲ್ಲವೆಂದು ಸಾಧಿಸಿದಂತಾಗದು. ಒಬ್ಬನೇ ರೋಗಿಯ ಪೊರೆಯಿಂದ ಎಲ್ಲರ ಬಗ್ಗೆ ಹೇಳುವಂತೆಯೂ ಇಲ್ಲ.

ಚಿಕಿತ್ಸೆ ಸಿದ್ಧಾಂತಕ್ಕಾಗಿ ಕಾಯಲಿಲ್ಲ. ಮೊದಲು ಎಲ್ಲರ ಕಣ್ಣು ಬಿದ್ದದ್ದು ಅಗ್ಗದ ಮಲೇರಿಯ ಮಾತ್ರೆ ಕ್ಲೋರೊಕ್ವಿನ್ ಮೇಲೆ. ಸಂಧಿವಾತದಲ್ಲೂ ಅದಕ್ಕೆ ಹಳೆಯ ಹೆಸರಿತ್ತು. ಪುಣೆಯ ಅರವಿಂದ ಚೋಪ್ರಾ ಅವರ ತಂಡ ಅದನ್ನು ಮೆಲೊಕ್ಸಿಕ್ಯಾಮ್ ಎಂಬ ಸಾಮಾನ್ಯ ನೋವಿನ ಮಾತ್ರೆಯೊಂದಿಗೆ ಹೋಲಿಸಿ ಪರೀಕ್ಷಿಸಿತು. ಹೆಚ್ಚಿನ ಲಾಭವೇನೂ ಇಲ್ಲವೆಂದು 2014ರಲ್ಲಿ ಪ್ರಕಟಿಸಿತು. ಆಮೇಲೆ ಸರದಿ ಬಂದದ್ದು ಮೆಥೊಟ್ರೆಕ್ಸೇಟ್‌ನದು. ಈ ಔಷಧಿಯ ಹಿಂದೆ ದಕ್ಷಿಣ ಭಾರತದ ಒಬ್ಬ ಮನುಷ್ಯನ ದುಡಿಮೆಯಿದೆ. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಕಂಪನಿಯ ಪ್ರಯೋಗಾಲಯದಲ್ಲಿ ನಡೆಸಿದ ಫೋಲಿಕ್ ಆಮ್ಲದ ಸಂಶೋಧನೆಯಿಂದ ಅಮಿನೊಪ್ಟೆರಿನ್ ಮತ್ತು ಮೆಥೊಟ್ರೆಕ್ಸೇಟ್ ಹೊರಬಂದವು. ಮೊದಲ ಬಳಕೆ ಮಕ್ಕಳ ರಕ್ತಕ್ಯಾನ್ಸರಿಗೆ. 1951ರಲ್ಲಿ ರಿಚರ್ಡ್ ಗಬ್ನರ್ ಅಮಿನೊಪ್ಟೆರಿನ್ ಕೊಟ್ಟು ಸಂಧಿವಾತದ ರೋಗಿಗಳ ಬಾವು ಇಳಿದದ್ದನ್ನು ಕಂಡರು. ಆದರೆ ಆಗಿನ ಎಲ್ಲರ ಗಮನ ಕಾರ್ಟಿಸೋನ್ ಕಡೆಗಿತ್ತು. 1948ರಲ್ಲಿ ಅದನ್ನು ಸಂಧಿವಾತಕ್ಕೆ ಮೊದಲ ಬಾರಿ ಬಳಸಿದ ಫಿಲಿಪ್ ಹೆಂಚ್ 1950ರಲ್ಲಿ ನೊಬೆಲ್ ಪಡೆದಿದ್ದರು. ಸ್ಟಿರಾಯ್ಡಿನ ಕೆಡುಕುಗಳು ಗೊತ್ತಾದ ಮೇಲೂ ಮೆಥೊಟ್ರೆಕ್ಸೇಟಿಗೆ ಸರಿಯಾದ ಪರೀಕ್ಷೆಯಾಗಲು 1985ರ ತನಕ ಕಾಯಬೇಕಾಯಿತು. ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಕೊಡುವ ಆ ಮಾತ್ರೆ ಇಂದು ರುಮಟಾಯ್ಡ್ ಚಿಕಿತ್ಸೆಯ ಬುನಾದಿ. ಪೇಟೆಂಟು ಹಾಳೆಗಳಲ್ಲಿ ತನ್ನ ಹೆಸರು ಸೇರಿಸಿಕೊಳ್ಳುವ ಹಂಬಲವಿಲ್ಲದಿದ್ದ ಸುಬ್ಬರಾವ್ 1948ರಲ್ಲೇ ತೀರಿಕೊಂಡಿದ್ದರು.

ಚಿಕುನ್‌ಗುನ್ಯಾ ಸಂಧಿವಾತದಲ್ಲಿ ಈ ಔಷಧಿಯ ಪರೀಕ್ಷೆ ನಡೆದದ್ದು ಕರಾವಳಿಯ ನೆರೆಯಲ್ಲೇ, ಕೋಯಿಕ್ಕೋಡಿನಲ್ಲಿ. ವಿನೋದ್ ರವೀಂದ್ರನ್ ಮತ್ತು ಜಿ. ಅಲಿಯಾಸ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 72 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಮೆಥೊಟ್ರೆಕ್ಸೇಟ್ ಮತ್ತು ಸಲ್ಫಸಲಜೀನ್ ಕೊಡಲಾಯಿತು. 24 ವಾರಗಳ ಕೊನೆಗೆ ಮೂರೂ ಔಷಧಿ ತೆಗೆದುಕೊಂಡವರ ಬಾವು, ನೋವು, ದಿನನಿತ್ಯದ ಕೆಲಸದ ಸಾಮರ್ಥ್ಯ ಎಲ್ಲವೂ ಸ್ಪಷ್ಟವಾಗಿ ಸುಧಾರಿಸಿದ್ದವು. ರೋಗಿಗೂ ವೈದ್ಯರಿಗೂ ಯಾರು ಯಾವ ಔಷಧಿ ಪಡೆಯುತ್ತಿದ್ದಾರೆಂದು ಗೊತ್ತಿದ್ದ ಪರೀಕ್ಷೆಯಾದ್ದರಿಂದ ಅದರ ತೂಕಕ್ಕೆ ಒಂದು ಮಿತಿಯಿದೆ. ಆದರೂ ವೈರಸ್ ಅಡಗಿ ಕೂತಿದ್ದರೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಅದನ್ನು ಮತ್ತೆ ಕೆರಳಿಸೀತೆಂಬ ಅಂಜಿಕೆ ಈ ಬಗೆಯ ಅನುಭವಗಳಿಂದ ಬಹಳಷ್ಟು ಕರಗಿತು. ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ 1992ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಟಿಎನ್‌ಎಫ್ ಎಂಬ ಬಾವು ತರುವ ಪ್ರೊಟೀನನ್ನು ತಡೆಯುವ ಚುಚ್ಚುಮದ್ದುಗಳು ರುಮಟಾಯ್ಡ್ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದವು. ಚಿಕುನ್‌ಗುನ್ಯಾದಲ್ಲಿ ಅವುಗಳ ಬಳಕೆ ಮಾತ್ರ ಉಳಿದದ್ದು ಫಲಿಸದ ಕೆಲವರಿಗೆ ಸೀಮಿತವಾಗಿದೆ. ಬೆಲೆಯೂ ಅದಕ್ಕೊಂದು ಕಾರಣ.

ಈಗಿನ ಚಿಕಿತ್ಸಾಕ್ರಮದಲ್ಲಿ ಮೂರು ತಿಂಗಳೇ ಗಡಿ. ಅಷ್ಟರೊಳಗಿನ ನೋವಿಗೆ ವಿಶ್ರಾಂತಿ, ನೋವಿನ ಮಾತ್ರೆ, ವ್ಯಾಯಾಮ. ಬಹುಪಾಲು ಮಂದಿ ಇದರಲ್ಲೇ ಗುಣವಾಗುತ್ತಾರೆ. ಮೂರು ತಿಂಗಳ ಮೇಲೂ ಬಾವು ಇಳಿಯದಿದ್ದರೆ ರುಮಟಾಯ್ಡ್ ಫ್ಯಾಕ್ಟರ್ ಮತ್ತು ಸಿಸಿಪಿ ಪರೀಕ್ಷೆ ಮಾಡಿಸುತ್ತಾರೆ, ಏಕೆಂದರೆ ಒಳಗೇ ಇದ್ದ ನಿಜವಾದ ರುಮಟಾಯ್ಡ್ ಕಾಯಿಲೆ ಜ್ವರದ ನೆಪದಲ್ಲಿ ಹೊರಬಂದಿರುವ ಸಾಧ್ಯತೆಯೂ ಇರುತ್ತದೆ. ಅದಿದ್ದರೆ ಔಷಧಿ ವರ್ಷಗಟ್ಟಲೆ ಬೇಕು. ಇಲ್ಲದಿದ್ದರೆ ಅದೇ ಮೆಥೊಟ್ರೆಕ್ಸೇಟನ್ನು ಕೆಲವು ತಿಂಗಳು ಕೊಟ್ಟು ಮೆಲ್ಲಗೆ ನಿಲ್ಲಿಸಿ ನೋಡುತ್ತಾರೆ. ತಡೆಗಟ್ಟುವ ಲಸಿಕೆಗೆ ಅಮೆರಿಕ 2023ರ ನವೆಂಬರಿನಲ್ಲಿ ಮೊದಲ ಬಾರಿಗೆ ಒಪ್ಪಿಗೆ ಕೊಟ್ಟಿತು. ದುರ್ಬಲಗೊಳಿಸಿದ ಜೀವಂತ ವೈರಸ್ಸಿನಿಂದ ಮಾಡಿದ ಆ ಲಸಿಕೆ ಕೆಲವರಲ್ಲಿ, ಮುಖ್ಯವಾಗಿ ವಯಸ್ಸಾದವರಲ್ಲಿ, ತೀವ್ರ ತೊಂದರೆ ತಂದದ್ದರಿಂದ 2025ರ ಆಗಸ್ಟಿನಲ್ಲಿ ಅಲ್ಲಿಯ ಪರವಾನಗಿ ಅಮಾನತಾಯಿತು. ಹಾಗಾಗಿ ಮಳೆ ಹಿಡಿಯುವ ಮೊದಲು ತೋಟದ ಹಾಳೆಗಳನ್ನು ಎತ್ತಿಡುವುದು, ಟ್ಯಾಪಿಂಗ್ ಇಲ್ಲದ ದಿನಗಳಲ್ಲಿ ರಬ್ಬರ್ ಮರದ ಗೆರಟೆಗಳನ್ನು ಬೋರಲು ಹಾಕುವುದು ಕರಾವಳಿಯ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೇಳುವ ಮೊದಲ ಮಾತಾಗಿಯೇ ಉಳಿದಿದೆ.